ರಕ್ತ ನಿಂತಾಗ, ರಕ್ತ ಮರಳಿದಾಗ ಕಿಡ್ನಿಯೊಳಗೆ ಏನಾಗುತ್ತದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಿಡ್ನಿ ವಿಭಾಗದ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂತು ಬಹಳ ವರ್ಷ ಕಳೆದವನು ನಾನು. ವಾರ್ಡಿನ ಹೊರಗಿನ ಬೆಂಚಿನ ಮೇಲೆ, ಮದುವೆ ಮನೆಯ ಪಂಕ್ತಿಯಲ್ಲಿ, ಪತ್ರದಲ್ಲಿ, ಫೋನಿನಲ್ಲಿ ಜನ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಲ್ಲೇ ಬಿಟ್ಟಿದ್ದೇನೆ. ಯಾರಿಗೆ ಯಾವ ಚಿಕಿತ್ಸೆ ಅನ್ನೋದನ್ನು ಮಾತ್ರ ನಿಮ್ಮ ಡಾಕ್ಟರೇ ಹೇಳಬೇಕು.

## ಮನೆಯವರು ಮೊದಲು ಕೇಳುವುದು

ಅಪ್ಪಂಗೆ ಬಿಪಿ ಲೋ ಆಯ್ತು ಅಂತ ಐಸಿಯುಗೆ ಹಾಕಿದ್ರು. ಈಗ ಕಿಡ್ನಿ ಕೆಲಸ ಮಾಡ್ತಿಲ್ಲ ಅಂತಾರೆ. ಬಿಪಿಗೂ ಕಿಡ್ನಿಗೂ ಏನು ಸಂಬಂಧ?

ಎರಡೂ ಕಿಡ್ನಿ ಸೇರಿಸಿ ತೂಗಿದರೆ ಮುನ್ನೂರು ಗ್ರಾಂ ಆಸುಪಾಸು. ಮೈತೂಕದ ನೂರರಲ್ಲಿ ಒಂದು ಪಾಲೂ ಇಲ್ಲ. ಆದರೆ ಹೃದಯ ಪಂಪ್ ಮಾಡುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು, ಅಂದರೆ ನಿಮಿಷಕ್ಕೆ ಒಂದು ಲೀಟರಿನಷ್ಟು, ಇವಕ್ಕೇ ಹೋಗುತ್ತದೆ. ದಿನಕ್ಕೆ 180 ಲೀಟರ್ ಸೋಸಬೇಕು. ಸೋಸಿದ್ದರಲ್ಲಿ ಒಂದೆರಡು ಲೀಟರ್ ಮೂತ್ರ ಬಿಟ್ಟು ಉಳಿದದ್ದನ್ನೆಲ್ಲ ವಾಪಸ್ ಹೀರಿಕೊಳ್ಳಬೇಕು. ಸೋಸಲು ರಕ್ತದ ಒತ್ತಡ ಸಾಕು. ಹೀರಿಕೊಳ್ಳಲು ಶಕ್ತಿ ಬೇಕು, ಶಕ್ತಿಗೆ ಆಮ್ಲಜನಕ ಬೇಕು.

ಬಿಪಿ ಬಿದ್ದಾಗ ದೇಹ ಮೊದಲು ಮೆದುಳು, ಹೃದಯ ಉಳಿಸಿಕೊಳ್ಳಲು ನೋಡುತ್ತದೆ. ಕಿಡ್ನಿಯ ರಕ್ತನಾಳಗಳನ್ನು ಬಿಗಿ ಹಿಡಿಯುತ್ತದೆ. ವಾಂತಿಭೇದಿ, ವಿಪರೀತ ರಕ್ತಸ್ರಾವ, ಹೃದಯಾಘಾತ, ದೊಡ್ಡ ಆಪರೇಷನ್, ಯಾವುದರಿಂದ ಬಿಪಿ ಬಿದ್ದರೂ ಆಗುವುದು ಇದೇ. ಹೀಗೆ ರಕ್ತ ಸಾಲದೆ ಬರುವ ಸ್ಥಿತಿಗೆ ಡಾಕ್ಟರು ಇಸ್ಕೀಮಿಯಾ ಅನ್ನುತ್ತಾರೆ. ಸೋಂಕು ಇಡೀ ಮೈಯನ್ನೇ ಕೆಡಿಸುವ ಸೆಪ್ಸಿಸ್‌ನಲ್ಲಿ ರಕ್ತದ ಕೊರತೆಯ ಜೊತೆಗೆ ಸೋಂಕಿನ ಉರಿಯೂತವೂ ಸೇರಿಕೊಳ್ಳುತ್ತದೆ.

ಅಷ್ಟೊಂದು ರಕ್ತ ಹೋಗುತ್ತೆ ಅಂದ್ರೆ, ಸ್ವಲ್ಪ ಕಮ್ಮಿ ಆದ್ರೆ ಏನು ಮಹಾ?

ಕಾಲುವೆಯ ಕೊನೆ ಭಾಗದ ರೈತರನ್ನು ಕೇಳಿ, ಹೇಳುತ್ತಾರೆ. ಡ್ಯಾಂ ತುಂಬಿದ್ದರೂ ಅವರ ಗದ್ದೆಗೆ ನೀರು ಬರುವುದು ಕೊನೆಗೆ, ಕಡಿಮೆಯಾಗುವುದು ಮೊದಲಿಗೆ.

ಕಿಡ್ನಿಗೆ ಬರುವ ರಕ್ತದಲ್ಲಿ ಬಹುಪಾಲು ಹೊರಪದರದಲ್ಲೇ ಸುತ್ತಿಕೊಂಡು ಹೋಗುತ್ತದೆ. ಒಳಭಾಗಕ್ಕೆ ಇಳಿಯುವುದು ತೀರಾ ಕಡಿಮೆ. ಹೊರಪದರದಲ್ಲಿ ಆಮ್ಲಜನಕದ ಒತ್ತಡ 50 ಮಿಲಿಮೀಟರ್ ಪಾದರಸದ ಆಸುಪಾಸು ಇದ್ದರೆ, ಒಳಗೆ ಅದು 10ರಿಂದ 20. ಏನೂ ಕಾಯಿಲೆ ಇಲ್ಲದ ದಿನದ ಲೆಕ್ಕವೇ ಇದು! ಇವೆರಡರ ಗಡಿಯಲ್ಲಿ, ಒಳಪದರದ ಹೊರ ಅಂಚಿನಲ್ಲಿ, ಸೋಸಿದ್ದನ್ನು ವಾಪಸ್ ಹೀರಿಕೊಳ್ಳುವ ಸಣ್ಣ ನಳಿಕೆಯ ಒಂದು ನೇರ ತುಂಡಿದೆ. ಅದರ ಕೋಶಗಳಿಗೆ ಕೆಲಸ ಜಾಸ್ತಿ. ಜೊತೆಗೆ ಆಮ್ಲಜನಕ ಇಲ್ಲದೆ ಸಕ್ಕರೆ ಸುಟ್ಟು ಕಾಲ ತಳ್ಳುವ ವಿದ್ಯೆ ಅವಕ್ಕೆ ಅಷ್ಟಾಗಿ ಇಲ್ಲ. ಕೊಬ್ಬಿನ ಆಮ್ಲಗಳನ್ನು ಮೈಟೋಕಾಂಡ್ರಿಯಾದಲ್ಲಿ, ಅಂದರೆ ಕೋಶದೊಳಗಿನ ಶಕ್ತಿಯ ಒಲೆಯಲ್ಲಿ, ಸುಟ್ಟೇ ಬದುಕಬೇಕು. ಬರ ಬಂದಾಗ ಮೊದಲು ಒಣಗುವುದು ಇವೇ.

ಎಷ್ಟು ಹೊತ್ತು ತಡ್ಕೊಳ್ಳುತ್ತೆ?

ಗೆಡ್ಡೆ ತೆಗೆಯಲು ಕಿಡ್ನಿಯ ರಕ್ತನಾಳಕ್ಕೆ ಕ್ಲ್ಯಾಂಪ್ ಹಾಕುವ ಸರ್ಜನ್ನರು 25-30 ನಿಮಿಷದೊಳಗೆ ಅದನ್ನು ಬಿಡಿಸಲು ನೋಡುತ್ತಾರೆ. ಇದು ಗೆರೆ ಎಳೆದ ಹಾಗಲ್ಲ. ಆರೋಗ್ಯವಾಗಿದ್ದ ಕಿಡ್ನಿ ಇನ್ನೂ ಹೊತ್ತು ತಡೆದೀತು. ಸಕ್ಕರೆ ಕಾಯಿಲೆ, ವಯಸ್ಸು, ಹಳೆಯ ಬಿಪಿ ಇದ್ದರೆ ಅಷ್ಟೂ ತಡೆಯದಿರಬಹುದು. ಐಸಿನಲ್ಲಿಟ್ಟರೆ ಲೆಕ್ಕವೇ ಬೇರೆ, ಅದು ಮುಂದೆ ಬರುತ್ತದೆ.

ನಿನ್ನೆ ಕ್ರಿಯಾಟಿನಿನ್ ನಾರ್ಮಲ್ ಅಂದ್ರು, ಇವತ್ತು ಮೂರು ಅಂತಾರೆ. ನಿನ್ನೆ ರಿಪೋರ್ಟ್ ತಪ್ಪಾ?

ತಪ್ಪಿರಲಿಕ್ಕಿಲ್ಲ. ಬಚ್ಚಲಿನ ತೂತು ಕಟ್ಟಿಕೊಂಡ ಕ್ಷಣಕ್ಕೇ ನೀರು ಹೊಸ್ತಿಲು ದಾಟುತ್ತಾ? ನಿಧಾನಕ್ಕೆ ಏರುತ್ತದೆ. ಕ್ರಿಯಾಟಿನಿನ್ ಕೂಡ ಹಾಗೇ. ಅದು ಕಿಡ್ನಿ ಹೊರಹಾಕಬೇಕಾದ ಕಸ, ಸ್ನಾಯುಗಳಿಂದ ದಿನವಿಡೀ ಬರುತ್ತಿರುತ್ತದೆ, ಹೊರಹೋಗುವ ದಾರಿ ಮುಚ್ಚಿದ ಮೇಲೆ ಸೇರುತ್ತಾ ಹೋಗುತ್ತದೆ. ಪೆಟ್ಟು ಬಿದ್ದದ್ದು ಸೋಮವಾರವಾದರೆ ರಿಪೋರ್ಟಿನಲ್ಲಿ ಕಾಣುವುದು ಮಂಗಳವಾರವೋ ಬುಧವಾರವೋ.

ಅದಕ್ಕೇ ಅಂಕಿಗಿಂತ ಅದು ಏರುವ ರೀತಿ ಮುಖ್ಯ. 2012ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ 48 ಗಂಟೆಯಲ್ಲಿ ಕ್ರಿಯಾಟಿನಿನ್ 0.3 (ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ) ಏರಿದರೂ ಅದು ಕಿಡ್ನಿಗೆ ಬಿದ್ದ ತೀವ್ರ ಪೆಟ್ಟು. 0.8 ಇದ್ದದ್ದು 1.1 ಆದರೆ ಲ್ಯಾಬ್ ಚೀಟಿಯಲ್ಲಿ ದಪ್ಪ ಅಕ್ಷರವೂ ಬರುವುದಿಲ್ಲ, ಮನೆಯವರು ‘ನಾರ್ಮಲ್’ ಅಂತ ನಿಟ್ಟುಸಿರು ಬಿಡುತ್ತಾರೆ. ಹಳೆಯ ರಿಪೋರ್ಟುಗಳನ್ನು ಬಿಸಾಡಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಇನ್ನೊಂದು ಅಳತೆ ಮೂತ್ರದ್ದು. 60 ಕೆಜಿ ತೂಕದವರಿಗೆ ಆರು ಗಂಟೆಯಲ್ಲಿ 180 ಮಿಲಿಲೀಟರಿಗಿಂತ, ಅಂದರೆ ಒಂದು ಲೋಟಕ್ಕಿಂತ, ಕಡಿಮೆ ಬಂದರೆ ಎಚ್ಚರ. ಇದನ್ನು ಅಳೆಯಲು ಬೇಕಾದ್ದು ಗೆರೆ ಇರುವ ಒಂದು ಡಬ್ಬ, ಅಷ್ಟೇ.

ನೀರು ಜಾಸ್ತಿ ಕುಡಿಸಿದ್ರೆ ಸರಿಹೋಗುತ್ತಾ?

ಭೇದಿಯಾಗಿ ದೇಹ ಒಣಗಿದ್ದರೆ, ಕೋಶಗಳು ಸಾಯುವ ಮುಂಚೆ, ಹೌದು. ಓಆರ್‌ಎಸ್ ಪೊಟ್ಟಣ ಎಷ್ಟೋ ಕಿಡ್ನಿ ಉಳಿಸಿದೆ. ಕೋಶ ಸತ್ತು ಮೂತ್ರ ನಿಂತ ಮೇಲೆ ಸುಮ್ನೆ ನೀರು ಕುಡಿಸುತ್ತಾ ಹೋದರೆ ಅದು ಶ್ವಾಸಕೋಶಕ್ಕೆ ತುಂಬಿಕೊಳ್ಳುತ್ತದೆ. ಆಮೇಲೆ ಎಷ್ಟು ಕುಡಿಯಬೇಕು ಅಂತ ವಾರ್ಡಿನವರೇ ಅಳೆದು ಹೇಳಬೇಕು.

ಮೈಕೈ ನೋವಿಗೆ ಮಾತ್ರೆ ತಗೊಂಡಿದ್ದಷ್ಟೇ. ಅದರಿಂದ ಹೀಗಾಗುತ್ತಾ?

ಡೈಕ್ಲೊಫಿನಾಕ್, ಐಬುಪ್ರೊಫೇನ್ ಥರದವು ಕಿಡ್ನಿಗೆ ರಕ್ತ ತರುವ ಸಣ್ಣ ನಾಳವನ್ನು ತೆರೆದಿಡುವ ಪ್ರೊಸ್ಟಗ್ಲ್ಯಾಂಡಿನ್ ಅನ್ನೋ ವಸ್ತುವನ್ನು ತಡೆಯುತ್ತವೆ. ಆರಾಮಾಗಿದ್ದವರು ಒಂದೆರಡು ದಿನ ನುಂಗಿದರೆ ಸಾಮಾನ್ಯವಾಗಿ ಏನೂ ಆಗದು. ಆದರೆ ಬಿಸಿಲಲ್ಲಿ ದಿನವಿಡೀ ಗದ್ದೆ ಕೆಲಸ, ಜೊತೆಗೆ ಭೇದಿ, ಜೊತೆಗೆ ಬಿಪಿಗೆ ಟೆಲ್ಮಿಸಾರ್ಟನ್, ಮೇಲೆ ಮೂತ್ರ ಹೋಗಿಸುವ ಮಾತ್ರೆ, ಅದರ ಮೇಲೆ ಈ ನೋವಿನ ಮಾತ್ರೆ ಬಿದ್ದರೆ ಎಲ್ಲ ಬಾಗಿಲೂ ಒಟ್ಟಿಗೆ ಮುಚ್ಚಿದ ಹಾಗೆ. ಭೇದಿಯ ದಿನಗಳಲ್ಲಿ ಯಾವ ಮಾತ್ರೆ ನಿಲ್ಲಿಸಬೇಕು ಅಂತ ಆರಾಮಾಗಿರುವಾಗಲೇ ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಹಾವು ಕಚ್ಚಿದ್ದು ಕಾಲಿಗೆ. ಕಿಡ್ನಿ ಯಾಕೆ ಹೋಯ್ತು?

ಕಚ್ಚಿದ್ದು ಕೊಳಕುಮಂಡಲ ಇರಬೇಕು. ಅದರ ವಿಷ ರಕ್ತನಾಳದೊಳಗೇ ಸಣ್ಣ ಸಣ್ಣ ಹೆಪ್ಪು ಕಟ್ಟಿಸುತ್ತದೆ. ಹೆಪ್ಪುಗಟ್ಟುವ ಸಾಮಗ್ರಿ ಹೀಗೆ ಖಾಲಿಯಾಗಿ ಬೇರೆ ಕಡೆ ರಕ್ತ ಸೋರಲು ಶುರುವಾಗುತ್ತದೆ. ಬಿಪಿ ಬೀಳುತ್ತದೆ. ವಿಷವೇ ನೇರವಾಗಿ ನಳಿಕೆಗೂ ಹಾನಿ ಮಾಡುತ್ತದೆ. ಒಂದೇ ಸಲಕ್ಕೆ ಇಷ್ಟೂ ಪೆಟ್ಟು.

ಹಗ್ಗ ಬಿಗಿದು ಕಟ್ಟಬೇಡಿ. ಕಾಲಿಗೆ ರಕ್ತ ನಿಲ್ಲಿಸಿ ಅಲ್ಲೂ ಇನ್ನೊಂದು ಇಸ್ಕೀಮಿಯಾ ಮಾಡಿದಂತಾಗುತ್ತದೆ. ಕಾಲು ಅಲುಗಾಡದಂತೆ ಇಟ್ಟು, ವಿಷಕ್ಕೆ ಪ್ರತಿವಿಷ ಸಿಗುವ ಆಸ್ಪತ್ರೆಗೆ ನೇರ ಹೋಗಿ.

ಡಯಾಲಿಸಿಸ್ ಒಂದ್ಸಲ ಶುರು ಮಾಡಿದ್ರೆ ಜೀವನಪೂರ್ತಿ ಮಾಡಿಸ್ಬೇಕಂತೆ, ಹೌದಾ?

ನನಗೆ ಅತಿ ಹೆಚ್ಚು ಬೇಜಾರು ತರಿಸುವ ಪ್ರಶ್ನೆ ಇದು. ಈ ಹೆದರಿಕೆಯಿಂದಲೇ ಸಹಿ ಹಾಕದೆ ರೋಗಿಯನ್ನು ಮನೆಗೆ ಕರೆದುಕೊಂಡು ಹೋದವರನ್ನು ನೋಡಿದ್ದೇನೆ. ಜೀವನಪೂರ್ತಿ ಬೇಕಾಗುವುದು ಬಹುತೇಕ ವರ್ಷಗಟ್ಟಲೆ ನಿಧಾನಕ್ಕೆ ಹಾಳಾದ ಕಿಡ್ನಿಗೆ. ದಿಢೀರ್ ಪೆಟ್ಟಿನಲ್ಲಿ ಡಯಾಲಿಸಿಸ್ ಅನ್ನೋದು ಮುರಿದ ಕಾಲಿಗೆ ಕೊಟ್ಟ ಊರುಗೋಲು. ನಳಿಕೆಗಳು ಮತ್ತೆ ಬೆಳೆಯುವ ತನಕ, ಸಾಮಾನ್ಯವಾಗಿ ಒಂದರಿಂದ ಮೂರು ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ. ಬಿಡಿಸಲಾಗದೆ ಉಳಿಯುವವರೂ ಇದ್ದಾರೆ, ಸುಳ್ಳು ಹೇಳುವುದಿಲ್ಲ. ಅದಕ್ಕೆ ಕಾರಣ ಬಿದ್ದ ಪೆಟ್ಟು, ಮೊದಲೇ ಸವೆದಿದ್ದ ಕಿಡ್ನಿ.

ಕತೆ ಶುರುವಾದದ್ದೇ ಇಂಥ ಕಿಡ್ನಿಯಿಂದ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ನೆದರ್ಲೆಂಡ್ಸಿನ ಡಾಕ್ಟರ್ ವಿಲ್ಲೆಮ್ ಕೋಲ್ಫ್, ಸಾಸೇಜ್ ಮಾಡಲು ಬಳಸುವ ಸೆಲೊಫೇನ್ ಕೊಳವೆಯನ್ನು ಒಂದು ಉರುಳೆಗೆ ಸುತ್ತಿ ಯಂತ್ರ ಮಾಡಿದರು. ಮೊದಮೊದಲ ರೋಗಿಗಳು ಉಳಿಯಲಿಲ್ಲ. 1945ರಲ್ಲಿ 67 ವರ್ಷದ ಹೆಂಗಸೊಬ್ಬರು ಪ್ರಜ್ಞೆ ಇಲ್ಲದೆ ಬಂದರು, ಕಿಡ್ನಿ ದಿಢೀರನೆ ಕೈಕೊಟ್ಟಿತ್ತು. ಯಂತ್ರಕ್ಕೆ ಹಾಕಿದ ಮೇಲೆ ಎಚ್ಚರವಾದರು, ಅವರ ಕಿಡ್ನಿ ಚೇತರಿಸಿಕೊಂಡಿತು, ಇನ್ನೂ ಕೆಲವು ವರ್ಷ ಬದುಕಿದ್ದರು. ಜೀವನಪೂರ್ತಿ ಡಯಾಲಿಸಿಸ್ ಮಾಡುವ ದಾರಿ ಸಿಕ್ಕಿದ್ದು ಅದಾಗಿ ಹದಿನೈದು ವರ್ಷಕ್ಕೆ.

ಹಂಗಾದ್ರೆ ಬೇಗ ಶುರು ಮಾಡಿದಷ್ಟೂ ಒಳ್ಳೇದಲ್ವಾ?

ಅದನ್ನೂ ಪರೀಕ್ಷೆ ಮಾಡಿ ನೋಡಿದ್ದಾರೆ. 2020ರಲ್ಲಿ ಪ್ರಕಟವಾದ, ಸುಮಾರು 3000 ರೋಗಿಗಳ ಅಧ್ಯಯನದಲ್ಲಿ ಬೇಗ ಶುರು ಮಾಡಿದ್ದರಿಂದ ಸಾವು ಕಡಿಮೆಯಾಗಲಿಲ್ಲ. 90 ದಿನದ ನಂತರವೂ ಡಯಾಲಿಸಿಸ್‌ನಲ್ಲೇ ಉಳಿದವರು ಆ ಗುಂಪಿನಲ್ಲೇ ಸ್ವಲ್ಪ ಹೆಚ್ಚು. ಪೊಟ್ಯಾಸಿಯಂ ವಿಪರೀತ ಏರಿದ್ದರೆ, ಶ್ವಾಸಕೋಶಕ್ಕೆ ನೀರು ತುಂಬಿದ್ದರೆ ಕಾಯುವ ಮಾತಿಲ್ಲ. ಅಂಥದ್ದೇನೂ ಇಲ್ಲದಿದ್ದರೆ ಡಾಕ್ಟರು ‘ಇನ್ನೊಂದು ದಿನ ನೋಡೋಣ’ ಅಂದರೆ ಅದು ಅಸಡ್ಡೆ ಇರಬೇಕಾಗಿಲ್ಲ.

## ಕೋಶದ ಒಳಗೆ ಇಣುಕುವವರಿಗೆ

ಲ್ಯಾಬಲ್ಲಿ ಮೂತ್ರದಲ್ಲಿ ಏನು ನೋಡ್ತೀರಿ?

ಹತ್ತು ಎಂಎಲ್ ಮೂತ್ರ ಕೊಳವೆಗೆ ಹಾಕಿ ಗಿರಗಿರ ತಿರುಗಿಸುತ್ತೇವೆ. ಮೇಲಿನದ್ದು ಚೆಲ್ಲಿ ತಳದ ಗಷ್ಟಿನ ಒಂದು ಹನಿ ಗಾಜಿನ ಮೇಲಿಡುತ್ತೇವೆ. ಸುಮ್ನೆ ನೀರು ಕಡಿಮೆಯಾದವರ ಹನಿ ಹೆಚ್ಚೂಕಡಿಮೆ ಖಾಲಿ ಇರುತ್ತದೆ. ಕೋಶ ಸತ್ತವರದ್ದರಲ್ಲಿ ಕಂದು ಬಣ್ಣದ, ಹರಳು ಹರಳಾದ ತುಂಡುಗಳು ತೇಲುತ್ತವೆ. ಮಳೆಗಾಲದ ರಾಡಿಯನ್ನು ಸಣ್ಣ ಪೈಪಿನಲ್ಲಿ ಅದುಮಿ ಹೊರತೆಗೆದ ಹಾಗೆ. ಅವು ನಳಿಕೆಯ ಅಚ್ಚುಗಳು. ಒಳಗೋಡೆಯಿಂದ ಕಳಚಿದ ಕೋಶಗಳು, ಪ್ರೋಟೀನು ಸೇರಿ ಗಟ್ಟಿಯಾಗಿ ಆ ನಳಿಕೆಯದೇ ಆಕಾರ ಹೊತ್ತು ಬಂದಿರುತ್ತವೆ. ಅದರ ಪಕ್ಕದಲ್ಲಿ ಬಿಡಿಬಿಡಿ ಕೋಶಗಳು. ಅವುಗಳಲ್ಲಿ ಕೆಲವು ಇನ್ನೂ ಜೀವಂತ ಇರುತ್ತವೆ! ಸಾಯುವುದಕ್ಕೂ ಮುಂಚೆ ಹಿಡಿತ ತಪ್ಪಿ ಜಾರಿದವು.

ಮೂತ್ರ ಯಾಕೆ ನಿಲ್ಲುತ್ತದೆ ಅನ್ನೋದಕ್ಕೂ ಅರ್ಧ ಉತ್ತರ ಈ ಹನಿಯಲ್ಲೇ ಇದೆ. ಈ ಅಚ್ಚುಗಳು ನಳಿಕೆಯನ್ನು ಕಟ್ಟುತ್ತವೆ. ಗೋಡೆ ಬರಿದಾದ ಕಡೆ, ಸೋಸಿದ್ದು ರಕ್ತಕ್ಕೇ ವಾಪಸ್ ಸೋರುತ್ತದೆ.

ರಕ್ತ ನಿಂತಾಗ ಕೋಶಕ್ಕೆ ನಿಜವಾಗ್ಲೂ ಏನಾಗುತ್ತೆ?

ಎಟಿಪಿ ಅನ್ನೋದು ಶಕ್ತಿಗೆ ಕೋಶ ಬಳಸುವ ಚಿಲ್ಲರೆ ಕಾಸು. ಉಳಿತಾಯ ಇಲ್ಲ, ದುಡಿದದ್ದು ಅಲ್ಲಲ್ಲೇ ಖರ್ಚು. ಆಮ್ಲಜನಕ ನಿಂತ ಕೆಲವೇ ನಿಮಿಷದಲ್ಲಿ ಅದು ಬಹುಪಾಲು ಖಾಲಿ. ಸೋಡಿಯಂ ಹೊರದೂಡುವ ಪಂಪ್ ನಿಲ್ಲುತ್ತದೆ. ಸೋಡಿಯಂ ಒಳಗೆ ಬರುತ್ತದೆ, ಅದರ ಹಿಂದೆ ನೀರು. ಕೋಶ ಊದಿಕೊಳ್ಳುತ್ತದೆ. ಕ್ಯಾಲ್ಸಿಯಂ ಏರಿ, ಒಳಗಿನ ಪ್ರೋಟೀನುಗಳನ್ನು ಕತ್ತರಿಸುವ ಎಂಜೈಮುಗಳು ಎಚ್ಚರಗೊಳ್ಳುತ್ತವೆ. ನಳಿಕೆಯ ಕೋಶದ ತಲೆಯ ಮೇಲೆ ಬ್ರಷ್ಷಿನ ಎಳೆಗಳಂಥ ಅಂಚು ಇರುತ್ತದೆ, ಅದು ಉದುರುತ್ತದೆ. ಯಾವ ಕಡೆ ಬುಡ, ಯಾವ ಕಡೆ ತಲೆ ಅನ್ನೋದೇ ಕೋಶಕ್ಕೆ ಮರೆತುಹೋಗುತ್ತದೆ. ಬುಡದಲ್ಲಿರಬೇಕಾದ ಪಂಪು ತಲೆಯ ಕಡೆಗೆ ಸರಿಯುತ್ತದೆ.

ಇಲ್ಲಿಯ ತನಕ ಆದದ್ದು ಬಹುಮಟ್ಟಿಗೆ ರಿಪೇರಿ ಆಗುವಂಥದ್ದು.

ರಕ್ತ ವಾಪಸ್ ಬಂತಲ್ಲ, ಆಮೇಲೂ ಯಾಕೆ ಹಾಳಾಗುತ್ತೆ? ಇದು ಅರ್ಥನೇ ಆಗಲ್ಲ.

ಪಂಪ್‌ಸೆಟ್ ಇರುವವರಿಗೆ ಅರ್ಥವಾಗುತ್ತದೆ. ಕರೆಂಟ್ ಹೋದಾಗ ಮೋಟರ್ ಸುಡುವುದಿಲ್ಲ. ಸ್ವಿಚ್ ಆರಿಸದೆ ಬಿಟ್ಟಿದ್ದು, ಕರೆಂಟ್ ಏರುಪೇರಾಗಿ ನುಗ್ಗಿದಾಗ ಸುಡುತ್ತದೆ.

ರಕ್ತ ಇಲ್ಲದ ಹೊತ್ತಿನಲ್ಲಿ ಕೋಶದಲ್ಲಿ ಸಕ್ಸಿನೇಟ್, ಹೈಪೊಕ್ಸಾಂಥಿನ್ ಥರದ ಅರೆಬೆಂದ ವಸ್ತುಗಳು ಗುಡ್ಡೆ ಬಿದ್ದಿರುತ್ತವೆ. ಆಮ್ಲಜನಕ ಬಂದ ಕೂಡಲೇ ಅವೆಲ್ಲ ಒಟ್ಟಿಗೆ ಉರಿಯುತ್ತವೆ. ಮೈಟೋಕಾಂಡ್ರಿಯಾದಲ್ಲಿ ಎಲೆಕ್ಟ್ರಾನುಗಳು ಹಿಂದಕ್ಕೆ ಹರಿದು, ಮೊದಲ ನಿಮಿಷಗಳಲ್ಲೇ ಸೂಪರಾಕ್ಸೈಡ್ ಅನ್ನೋ, ಕೋಶಕ್ಕೆ ಹಾನಿ ಮಾಡುವ ಆಮ್ಲಜನಕದ ಕಿಡಿ ಸಿಡಿಯುತ್ತದೆ. ಇನ್ನೊಂದು ವಿಚಿತ್ರ ಇದೆ. ರಕ್ತ ನಿಂತಾಗ ಕೋಶ ಹುಳಿಯಾಗುತ್ತದೆ, ಆಮ್ಲ ಸೇರುತ್ತದೆ. ಈ ಹುಳಿಯೇ ಅದನ್ನು ಒಂದಷ್ಟು ಕಾಪಾಡುತ್ತಿರುತ್ತದೆ, ಮೈಟೋಕಾಂಡ್ರಿಯಾದ ಒಂದು ಬಾಗಿಲನ್ನು ಮುಚ್ಚಿಟ್ಟು. ರಕ್ತ ಬಂದು ಹುಳಿ ತೊಳೆದುಹೋದ ಕೂಡಲೇ ಆ ಬಾಗಿಲು ತೆರೆದುಕೊಳ್ಳುತ್ತದೆ. ತೆರೆದೇ ಉಳಿದರೆ ಮೈಟೋಕಾಂಡ್ರಿಯಾ ಊದಿ ಒಡೆಯುತ್ತದೆ.

ಆಮೇಲೆ ಬಿಳಿ ರಕ್ತಕಣಗಳು ಬರುತ್ತವೆ, ಉರಿಯೂತ ದಿನಗಟ್ಟಲೆ ನಡೆಯುತ್ತದೆ. ಮೊದಲು ಹೇಳಿದ ಕೊನೆ ಗದ್ದೆಗಳಿಗೆ ಮಾತ್ರ ರಕ್ತ ಇನ್ನೂ ತಲುಪಿರುವುದಿಲ್ಲ. ಅಲ್ಲಿನ ಸಣ್ಣ ನಾಳಗಳಲ್ಲಿ ಕೆಂಪು ಕಣಗಳು ಹೂಳಿನಂತೆ ಸಿಕ್ಕಿಕೊಂಡಿರುತ್ತವೆ. ಹೊರಪದರ ಕೆಂಪಗಾದರೂ ಒಳ ಅಂಚಿನಲ್ಲಿ ಬರ ಮುಂದುವರಿಯುತ್ತದೆ.

ಲಂಡನ್ ಬಾಂಬ್ ದಾಳಿಯಿಂದ ಇದು ಗೊತ್ತಾಯ್ತು ಅಂತಾರೆ. ನಿಜಾನಾ?

ಒಂದು ಭಾಗ ನಿಜ. 1941ರಲ್ಲಿ ಬೈವಾಟರ್ಸ್ ಮತ್ತು ಬೀಲ್ ಎಂಬ ವೈದ್ಯರು ನಾಲ್ವರು ಗಾಯಾಳುಗಳ ಬಗ್ಗೆ ಬರೆದರು. ಕುಸಿದ ಕಟ್ಟಡದಡಿ ಗಂಟೆಗಟ್ಟಲೆ ಕೈಕಾಲು ಸಿಕ್ಕಿಕೊಂಡಿದ್ದವರು. ಹೊರತೆಗೆದಾಗ ಚೆನ್ನಾಗೇ ಇದ್ದರು. ಆಮೇಲೆ ಕಾಲು ಊದಿಕೊಂಡಿತು, ಬಿಪಿ ಬಿತ್ತು, ಮೂತ್ರ ಕಡಿಮೆಯಾಗಿ ಕಂದು ಬಣ್ಣಕ್ಕೆ ತಿರುಗಿತು. ಭಾರ ಎತ್ತಿದ ಕೂಡಲೇ ಜಜ್ಜಿದ ಸ್ನಾಯುವಿಗೆ ರಕ್ತ ನುಗ್ಗಿ, ಸತ್ತ ಕೋಶಗಳ ಪೊಟ್ಯಾಸಿಯಂ, ಮಯೋಗ್ಲೋಬಿನ್ ಅನ್ನೋ ಸ್ನಾಯುವಿನ ಪ್ರೋಟೀನು ಮೈಗೆಲ್ಲ ಹರಡಿ, ಕಿಡ್ನಿಗೆ ಬಂದು ಸೇರಿತ್ತು. ಅದಕ್ಕೇ ಈಗ ಭೂಕಂಪದ ಜಾಗದಲ್ಲಿ ಕಲ್ಲು ಎತ್ತುವ ಮುಂಚೆಯೇ, ಸಿಕ್ಕಿದ ಕೈಗೆ ಸೂಜಿ ಚುಚ್ಚಿ ಸಲೈನ್ ಶುರು ಮಾಡುತ್ತಾರೆ.

ನೆಕ್ರೋಸಿಸ್, ಅಪೊಪ್ಟೋಸಿಸ್, ಫೆರೊಪ್ಟೋಸಿಸ್... ಸತ್ರೆ ಸತ್ತ ಹಾಗೆ. ಇಷ್ಟು ಹೆಸರು ಯಾಕೆ?

ಹೇಗೆ ಸತ್ತಿತು ಅನ್ನೋದರ ಮೇಲೆ ಅಕ್ಕಪಕ್ಕದವರ ಗತಿ ನಿಂತಿದೆ.

ಅಪೊಪ್ಟೋಸಿಸ್ ಅಂದರೆ ಗ್ರೀಕಿನಲ್ಲಿ ಎಲೆ ಉದುರುವುದು. 1972ರಲ್ಲಿ ಕೆರ್, ವೈಲಿ, ಕರಿ ಈ ಹೆಸರು ಕೊಟ್ಟರು. ಕೋಶ ತಾನೇ ಮುದುಡಿ, ಪೊಟ್ಟಣ ಪೊಟ್ಟಣವಾಗಿ ಕಟ್ಟಿಕೊಳ್ಳುತ್ತದೆ, ಪಕ್ಕದ ಕೋಶಗಳು ಸದ್ದಿಲ್ಲದೆ ತಿಂದು ಮುಗಿಸುತ್ತವೆ. ಇದಕ್ಕೂ ಎಟಿಪಿ ಬೇಕು. ಕೈ ಪೂರ್ತಿ ಖಾಲಿಯಾದ ಕೋಶಕ್ಕೆ ಹೀಗೆ ಅಚ್ಚುಕಟ್ಟಾಗಿ ಸಾಯಲೂ ಆಗುವುದಿಲ್ಲ. ಅದು ಊದಿ ಒಡೆಯುತ್ತದೆ. ಅದು ನೆಕ್ರೋಸಿಸ್. ಒಳಗಿದ್ದದ್ದೆಲ್ಲ ಹೊರಗೆ ಚೆಲ್ಲಿ ಉರಿಯೂತ ಕರೆಯುತ್ತದೆ.

ಒಡೆದು ಸಾಯುವುದೆಲ್ಲ ಬರೀ ಅಪಘಾತ ಅಂತ ಬಹಳ ಕಾಲ ನಂಬಿದ್ದೆವು. ಈಗ ಅದರಲ್ಲೂ ಕೆಲವು ಒಳಗಿನ ಆದೇಶದಿಂದಲೇ ಆಗುತ್ತವೆ ಅಂತ ಗೊತ್ತಾಗಿದೆ. ನೆಕ್ರೊಪ್ಟೋಸಿಸ್‌ನಲ್ಲಿ ಕೋಶದ ಸ್ವಂತ ಪ್ರೋಟೀನುಗಳೇ ಪೊರೆಗೆ ತೂತು ಹಾಕುತ್ತವೆ. ಫೆರೊಪ್ಟೋಸಿಸ್‌ನಲ್ಲಿ ಕಬ್ಬಿಣ ಸೇರಿ ಪೊರೆಯ ಕೊಬ್ಬು ಕೆಡುತ್ತದೆ. ಹಳೆಯ ಕಡಲೆಕಾಯಿ ಕಮಟು ವಾಸನೆ ಬರುತ್ತದಲ್ಲ, ರಸಾಯನಶಾಸ್ತ್ರದ ಲೆಕ್ಕದಲ್ಲಿ ಹತ್ತಿರದ ಸಂಗತಿಯೇ. ಈ ಹೆಸರು 2012ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಗುಂಪಿನಿಂದ ಬಂತು. ಇಲಿಯ ಕಿಡ್ನಿಯ ನಳಿಕೆಗಳಲ್ಲಿ ಇದು ಅಲೆಯ ಹಾಗೆ ಒಂದು ಕೋಶದಿಂದ ಪಕ್ಕದ ಕೋಶಕ್ಕೆ ಹರಡಿ, ಇಡೀ ತುಂಡೇ ಒಟ್ಟಿಗೆ ಸಾಯುವುದನ್ನು ನೋಡಿದ್ದಾರೆ. ಮೈಕ್ರೋಸ್ಕೋಪಿನಲ್ಲಿ ನಾವು ನೋಡುವ ಉದ್ದುದ್ದ ಅಚ್ಚುಗಳಿಗೆ ಇದು ಹೊಂದಿಕೆಯಾಗುತ್ತದೆ ಅನ್ನೋದು ನನ್ನ ಅನಿಸಿಕೆ.

ಸತ್ತ ಜಾಗದಲ್ಲಿ ಹೊಸ ಕೋಶ ಬರುತ್ತಾ?

ನಳಿಕೆಯಲ್ಲಿ ಬರುತ್ತದೆ. ಉಳಿದ ಕೋಶಗಳು ತಮ್ಮ ವೇಷ ಕಳಚಿ, ಚಪ್ಪಟೆಯಾಗಿ ಹರಡಿ, ಬರಿದಾದ ಗೋಡೆಯನ್ನು ಮುಚ್ಚುತ್ತವೆ. ಆಮೇಲೆ ಒಡೆದು ಎರಡಾಗಿ, ಮತ್ತೆ ನಳಿಕೆಯ ಕೋಶಗಳಾಗಿ ಬಲಿಯುತ್ತವೆ. ಕಸ ತಿನ್ನುವ ಕೆಲಸವನ್ನೂ ಅವೇ ಮಾಡುತ್ತವೆ. ಆದರೆ ಸೋಸುವ ಗಂಟು, ಅದರ ನಳಿಕೆ ಸೇರಿದ ಘಟಕಕ್ಕೆ ನೆಫ್ರಾನ್ ಅನ್ನುತ್ತಾರೆ, ಪೂರ್ತಿ ಹೋದ ನೆಫ್ರಾನಿನ ಬದಲಿಗೆ ಹೊಸ ನೆಫ್ರಾನ್ ಹುಟ್ಟುವುದಿಲ್ಲ. ತಾಯಿಯ ಹೊಟ್ಟೆಯಲ್ಲಿ ಸುಮಾರು 36 ವಾರಕ್ಕೆ ಆ ಲೆಕ್ಕ ಮುಗಿದಿರುತ್ತದೆ, ಕಿಡ್ನಿಗೆ ಹತ್ತು ಲಕ್ಷದ ಆಸುಪಾಸು. ಹೆರಿಗೆಯಲ್ಲಿ ವಿಪರೀತ ರಕ್ತ ಹೋದ ಕೆಲವು ತಾಯಂದಿರಲ್ಲಿ ಹೊರಪದರವೇ ಸೋಸುವ ಗಂಟುಗಳ ಸಮೇತ ಸಾಯುತ್ತದೆ. ಅಷ್ಟು ಜಾಗ ಗಾಯದ ಕಲೆಯಾಗಿ ಉಳಿಯುತ್ತದೆ.

ಕ್ರಿಯಾಟಿನಿನ್ ಇಳಿದವರಲ್ಲೂ ಅರೆಬರೆ ವಾಸಿಯಾದ ಕೋಶಗಳು ನಾರು ಬೆಳೆಸುವ ಸಂದೇಶ ಕಳಿಸುತ್ತಲೇ ಇರಬಹುದು. ಮೂರು ತಿಂಗಳಾದ ಮೇಲೆ ಮತ್ತೆ ಒಂದು ಸಲ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ. ಮನೆಗೆ ಹೋದವರಲ್ಲಿ ಬಹಳ ಜನ ಇದನ್ನೇ ಮರೆಯುತ್ತಾರೆ.

## ಕಸಿ ಮತ್ತು ಔಷಧ

ಝೀರೋ ಟ್ರಾಫಿಕ್ ಮಾಡಿ ಕಿಡ್ನಿ ಸಾಗಿಸ್ತಾರಲ್ಲ, ಅಷ್ಟು ಹೊತ್ತು ಅದು ಹೇಗೆ ಬದುಕಿರುತ್ತೆ?

ತಣ್ಣಗಿರುವುದರಿಂದ. 4 ಡಿಗ್ರಿಯಲ್ಲಿ ಕೋಶದ ಖರ್ಚು ಹತ್ತರಲ್ಲಿ ಒಂದು ಪಾಲಿಗೋ ಅದಕ್ಕೂ ಕೆಳಗೋ ಇಳಿಯುತ್ತದೆ. ಹೃದಯಕ್ಕೆ ನಾಲ್ಕಾರು ಗಂಟೆ ಸಿಕ್ಕರೆ ಕಿಡ್ನಿಗೆ ಒಂದು ದಿನದಷ್ಟು ಸಿಗುತ್ತದೆ. ಕಡಿಮೆಯಾದಷ್ಟೂ ಒಳ್ಳೆಯದು. ಕರ್ನಾಟಕದಲ್ಲಿ ತೀರಿಕೊಂಡವರ ಅಂಗ ಯಾರಿಗೆ ಅಂತ ಸರದಿ ನೋಡಿ ಹಂಚುವುದು ಸರ್ಕಾರದ ಜೀವಸಾರ್ಥಕತೆ ಸಂಸ್ಥೆ.

ಬರೀ ಐಸು ಸಾಲದು, ಯಾಕೆಂದರೆ ತಣ್ಣಗಾದರೆ ಸೋಡಿಯಂ ಪಂಪೂ ನಿಂತು ಕೋಶ ಊದುತ್ತದೆ. 1980ರ ದಶಕದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಬೆಲ್ಜರ್ ಮತ್ತು ಸೌಥರ್ಡ್ ಮಾಡಿದ ದ್ರಾವಣದಲ್ಲಿ, ಕೋಶದೊಳಗೆ ನುಗ್ಗಲಾಗದ ದಪ್ಪ ಅಣುಗಳಿವೆ. ಅವು ನೀರನ್ನು ಹೊರಗೇ ಹಿಡಿದಿಡುತ್ತವೆ. ಅದರಲ್ಲೊಂದು ರ‍್ಯಾಫಿನೋಸ್. ಅವರೆಕಾಳು ತಿಂದಾಗ ಹೊಟ್ಟೆ ಉಬ್ಬರಿಸುವ ಸಕ್ಕರೆಗಳ ಗುಂಪಿನದೇ!

ಕಸಿ ಆದ್ಮೇಲೂ ಡಯಾಲಿಸಿಸ್ ಅಂತಾರೆ. ಮೋಸ ಹೋದ್ವಾ?

ಇಲ್ಲ. ಹೊಸ ಕಿಡ್ನಿ ಏಳಲು ತಡ ಮಾಡುತ್ತಿದೆ. ಮೊದಲ ವಾರದಲ್ಲಿ ಡಯಾಲಿಸಿಸ್ ಬೇಕಾದರೆ ಅದನ್ನು ತಡವಾದ ಚಾಲನೆ ಅನ್ನುತ್ತಾರೆ. ಇಲ್ಲಿ ಆಗಿರುವುದೂ ಮೇಲೆ ಹೇಳಿದ ಪೆಟ್ಟೇ, ಐಸಿನಿಂದ ತೆಗೆದು ಬಿಸಿ ರಕ್ತ ಬಿಟ್ಟಾಗ ಬಿದ್ದದ್ದು. ತಾಯಿಯೋ ಅಣ್ಣನೋ ಕೊಟ್ಟ ಕಿಡ್ನಿಯಲ್ಲಿ ಇದು ಅಪರೂಪ, ಪಕ್ಕದ ಕೋಣೆಯಿಂದ ಬರುತ್ತದಲ್ಲ. ತೀರಿಕೊಂಡವರ ಕಿಡ್ನಿಯಲ್ಲಿ ಸಾಮಾನ್ಯ. 2009ರ ಯುರೋಪಿನ ಅಧ್ಯಯನದಲ್ಲಿ ಐಸಿನ ಡಬ್ಬದ ಬದಲು, ತಣ್ಣನೆ ದ್ರಾವಣವನ್ನು ಯಂತ್ರದಿಂದ ಹರಿಸುತ್ತಾ ಇಟ್ಟಾಗ ಇದು 26.5ರಿಂದ 20.8 ಶೇಕಡಾಕ್ಕೆ ಇಳಿಯಿತು.

ಇಷ್ಟೆಲ್ಲ ಗೊತ್ತಿದ್ರೂ ಒಂದು ಇಂಜೆಕ್ಷನ್ ಯಾಕಿಲ್ಲ?

ಇಲಿಗೆ ಬೇಕಾದಷ್ಟಿವೆ. ಪ್ರಯೋಗ ಹೇಗೆ ನಡೆಯುತ್ತದೆ ನೋಡಿ. ಎಳೆಯ, ಆರೋಗ್ಯವಾದ, ಸಾಮಾನ್ಯವಾಗಿ ಗಂಡಿಲಿ. ಕಿಡ್ನಿಯ ರಕ್ತನಾಳಕ್ಕೆ ಅರ್ಧ ಗಂಟೆಯ ಆಸುಪಾಸು ಕ್ಲ್ಯಾಂಪ್. ಔಷಧ ಕೊಡುವುದು ಬಹಳ ಸಲ ಅದಕ್ಕೂ ಮುಂಚೆ. ಮೈ ಬಿಸಿ ಒಂದೆರಡು ಡಿಗ್ರಿ ಇಳಿದರೂ ಪೆಟ್ಟು ಕಡಿಮೆಯಾಗುತ್ತದೆ, ಔಷಧಕ್ಕೆ ಸುಮ್ನೆ ಹೆಸರು ಬಂದುಬಿಡುತ್ತದೆ. ಹೆಣ್ಣಿಲಿಗಳು ಇದೇ ಪೆಟ್ಟನ್ನು ಚೆನ್ನಾಗಿ ತಡೆಯುತ್ತವೆ. ವಾರ್ಡಿಗೆ ಬರುವುದು ಎಪ್ಪತ್ತರ ಅಜ್ಜ, ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ಬಿಪಿ ಬಿದ್ದು ಎಷ್ಟು ಹೊತ್ತಾಯಿತೋ ಗೊತ್ತಿಲ್ಲ.

ದಶಕಗಳ ಕಾಲ ‘ಕಿಡ್ನಿಗೆ’ ಅಂತ ಸಣ್ಣ ಡೋಸಿನ ಡೋಪಮೀನ್ ಹಾಕುತ್ತಿದ್ದರು. 2000ದಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡಿನ 328 ರೋಗಿಗಳಲ್ಲಿ ಪರೀಕ್ಷಿಸಿದಾಗ ಪ್ರಯೋಜನ ಕಾಣಲಿಲ್ಲ. ತೋಳಿಗೆ ಬಿಪಿ ಪಟ್ಟಿ ಕಟ್ಟಿ ಐದೈದು ನಿಮಿಷ ರಕ್ತ ನಿಲ್ಲಿಸಿ ಬಿಟ್ಟು, ದೇಹವನ್ನು ಮೊದಲೇ ಪಳಗಿಸುವ ಉಪಾಯವೂ ಇದೆ. 1986ರಲ್ಲಿ ನಾಯಿಯ ಹೃದಯದಲ್ಲಿ ನೋಡಿದ ಸಂಗತಿಯಿಂದ ಬೆಳೆದದ್ದು. 2015ರಲ್ಲಿ ಹೃದಯದ ಆಪರೇಷನ್ ರೋಗಿಗಳ ಎರಡು ದೊಡ್ಡ ಅಧ್ಯಯನಗಳಲ್ಲಿ ಲಾಭ ಕಾಣಲಿಲ್ಲ. ಅದೇ ವರ್ಷದ ಇನ್ನೊಂದು, ಚಿಕ್ಕ ಅಧ್ಯಯನದಲ್ಲಿ ಕಿಡ್ನಿಗೆ ಲಾಭ ಕಂಡಿತು.

ನನಗೆ ಆಸೆ ಇರುವುದು ಕಸಿಯ ಕಡೆ. ಅಲ್ಲಿ ಮಾತ್ರ ಪೆಟ್ಟು ಯಾವ ಗಂಟೆಗೆ ಬೀಳುತ್ತದೆ ಅಂತ ಮೊದಲೇ ಗೊತ್ತು, ಕಿಡ್ನಿ ಡಬ್ಬದಲ್ಲಿ ಕೈಯಲ್ಲೇ ಇರುತ್ತದೆ. ಫೆರೊಪ್ಟೋಸಿಸ್ ತಡೆಯುವ ವಸ್ತುವನ್ನು ಆ ದ್ರಾವಣಕ್ಕೇ ಬೆರೆಸಿ, ರಕ್ತ ಬಿಡುವ ಮುಂಚೆ ತೊಳೆದುಬಿಡಬಹುದು. ರೋಗಿಯ ಮೈಗೆ ಅದು ಹೋಗಬೇಕಾಗಿಯೂ ಇಲ್ಲ.